ತಮ್ಮನ ಹೆಸರಿನ ಮುಂದೆ ಎರಡು ಗೆರೆ

ನಮ್ಮ ಸಾಂತಾ ರೊಸಾಲಿಯಾದಲ್ಲಿ ಪ್ರೊವಿದೆನ್ಸಿಯಾ ಮರ್ರೇರೋ ಯಾರು ಎಂದು ಕೇಳಿದರೆ ಅಂಚೆಯವನೂ ಒಂದು ಕ್ಷಣ ಯೋಚಿಸುತ್ತಿದ್ದ. ಊರು ಗೌರವದಿಂದ ಕರೆಯುವ ಹಾಗೆ ದೋನ್ಯಾ ಪ್ರೋವಿ ಎಂದರೆ ಮಾತ್ರ ಸಣ್ಣ ಮಕ್ಕಳೂ ಕೈ ತೋರಿಸುತ್ತಿದ್ದರು: ಚರ್ಚಿನ ಹಿಂದೆ, ಕೈಗವಸಿನ ಫ್ಯಾಕ್ಟರಿಗೆ ಇಳಿಯುವ ದಾರಿಯಲ್ಲಿ, ನೀಲಿ ಬಾಗಿಲಿನ ಮನೆ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಅವಳು ಆ ಫ್ಯಾಕ್ಟರಿಯಲ್ಲಿ ಹೊಲಿಗೆ ಪರೀಕ್ಷಿಸುತ್ತಿದ್ದಳು. ಹೊಲಿದು ಬಂದ ಕೈಗವಸಿನೊಳಗೆ ತನ್ನ ಕೈ ತೂರಿಸಿ, ಬೆರಳುಗಳನ್ನು ಅಗಲಿಸಿ, ಒಮ್ಮೆ ಮುಷ್ಟಿ ಹಿಡಿದು, ‘ಹೂಂ’ ಅಥವಾ ‘ಊಹೂಂ’ ಎನ್ನುವುದು ಅವಳ ಕೆಲಸ. ದಿನಕ್ಕೆ ಆರುನೂರು ಕೈಗವಸು. ಅವೆಲ್ಲ ಹಡಗು ಹತ್ತಿ ಹಿಮ ಬೀಳುವ ಊರುಗಳಿಗೆ ಹೋಗುತ್ತಿದ್ದವು. ಆ ಊರುಗಳನ್ನು ನಾವ್ಯಾರೂ ಕಂಡವರಲ್ಲ.

“ಕಣ್ಣು ಮುಚ್ಚಿದ್ರೆ ಯಾರ್ಯಾರದೋ ತಣ್ಣನೆ ಕೈ ಹಿಡ್ಕೊಂಡು ಓಡಾಡ್ತಿರ್ತೀನಿ ಕಣೋ ಲಿಸಾಂದ್ರೋ,” ಎಂದು ಒಮ್ಮೆ ನನಗೆ ಹೇಳಿದ್ದಳು. “ಯಾರು ಏನು ಅಂತ ಮುಖ ಕಾಣಲ್ಲ. ಕೈ ಮಾತ್ರ.”

ಲಿಸಾಂದ್ರೋ ಅಂದರೆ ನಾನೇ. ಊರಿನಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದವನು. ‘ಗಡಿಯಾರದವನು ತಾನೇ, ಅವನನ್ನೇ ಕೂರಿಸಿ’ ಎಂದು ನಮ್ಮ ಬಾಸ್ಕೆಟ್‌ಬಾಲ್ ತಂಡದವರು ನನ್ನನ್ನು ಪಂದ್ಯದ ಗಡಿಯಾರದ ಮುಂದೆ ಕೂರಿಸಿದರು. ಪ್ರೋವಿ ನನ್ನ ಪಕ್ಕದ ಕುರ್ಚಿಯಲ್ಲಿ ತಂಡದ ಲೆಕ್ಕ ಬರೆಯುತ್ತಿದ್ದಳು, ನಮ್ಮೂರಿನಲ್ಲಿ ಆಡುವಾಗ ಎದುರಾಳಿಗಳದ್ದೂ ಅವಳದೇ. ಯಾರು ಎಷ್ಟು ಸಲ ಎಸೆದ, ಎಷ್ಟು ಬುಟ್ಟಿಗೆ ಬಿತ್ತು, ಬೀಳದೆ ಹಾರಿದ ಚೆಂಡನ್ನು ಯಾರು ಹಿಡಿದ, ಯಾರು ಕಳೆದುಕೊಂಡ, ಎಲ್ಲವೂ ಅವಳ ದೊಡ್ಡ ಹಾಳೆಯಲ್ಲಿ ಸಣ್ಣ ಸಣ್ಣ ಗೆರೆಗಳಾಗಿ ನಿಲ್ಲುತ್ತಿದ್ದವು. ಹದಿನಾಲ್ಕು ವರ್ಷ ನಾವಿಬ್ಬರೂ ಆ ಮೇಜಿನ ಹಿಂದೆ ಅಕ್ಕಪಕ್ಕ ಕೂತೆವು. ಅವಳು ಮದುವೆಯಾಗಲಿಲ್ಲ. ನಾನು ಆಗಿ, ಹೆಂಡತಿಯನ್ನು ಕಳೆದುಕೊಂಡಿದ್ದೆ. ಊರಿನವರು ಏನೇನೋ ಅಂದುಕೊಂಡರು. ಅಂದುಕೊಂಡದ್ದರಲ್ಲಿ ಅರ್ಧ ನಿಜವಾಗಬಹುದಿತ್ತು, ಆಗಲಿಲ್ಲ. ಅದು ಬೇರೆ ಕಥೆ.

ನಮ್ಮ ಆಟದ ಅಂಗಳಕ್ಕೆ ಮೇಲೆ ತಗಡಿನ ಸೂರಿತ್ತು, ಸುತ್ತ ಗೋಡೆಯಿರಲಿಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬೆಟ್ಟದ ಮೋಡ ಕೆಳಗಿಳಿದು, ಟಿಕೆಟ್ ಕೊಳ್ಳದ ನೆಂಟನ ಹಾಗೆ ಒಳಗೆ ಬಂದು ಆ ತುದಿಯ ಬುಟ್ಟಿಯ ಕೆಳಗೆ ನಿಂತುಬಿಡುತ್ತಿತ್ತು. ಓಡುವ ಹುಡುಗರು ಮೊಣಕಾಲಿನಿಂದ ಮೇಲಷ್ಟೇ ಕಾಣುತ್ತಿದ್ದರು. ಹೊರಗಿನ ತಂಡಗಳು ನಮ್ಮಲ್ಲಿಗೆ ಬರಲು ಬೇಸರಪಡುತ್ತಿದ್ದವು. ‘ಗಿಡುಗಗಳ ಜೊತೆ ಆಡೋದಲ್ಲ, ದೆವ್ವಗಳ ಜೊತೆ ಆಡೋದು’ ಎನ್ನುತ್ತಿದ್ದರು. ಗಿಡುಗಗಳು ಎಂಬುದು ನಮ್ಮ ತಂಡದ ಹೆಸರು.

ಆ ಗಿಡುಗಗಳಲ್ಲಿ ಒಬ್ಬ ಎದೆಲ್ಮಿರೋ, ಎಲ್ಲರ ಬಾಯಲ್ಲಿ ಮೀರೋ, ಪ್ರೋವಿಯ ತಮ್ಮ. ಅವಳಿಗಿಂತ ಹದಿನಾರು ವರ್ಷ ಚಿಕ್ಕವನು. ತಾಯಿ ಹೋದಾಗ ಅವನಿಗೆ ಮೂರು ವರ್ಷ. ಅಪ್ಪ ಕಬ್ಬು ಕಡಿಯುವ ಸುಗ್ಗಿಗೆಂದು ಕರಾವಳಿಗೆ ಇಳಿದವನು ವಾಪಸು ಹತ್ತಲೇ ಇಲ್ಲ. ಸಾಕಿದವಳು ಅಕ್ಕ. ಅವನ ಮೊದಲ ಬೂಟು, ಮೊದಲ ಚೆಂಡು, ಹಲ್ಲು ಮುರಿದುಕೊಂಡು ಬಂದ ದಿನ ಬಾಯಿಗಿಟ್ಟ ರಮ್ಮಿನಲ್ಲಿ ಅದ್ದಿದ ಹತ್ತಿ, ಎಲ್ಲ ಅವಳದೇ. ಹದಿನೆಂಟಕ್ಕೆ ಅವನು ದೊಡ್ಡ ತಂಡಕ್ಕೆ ಸೇರಿದ. ಚೆಂಡನ್ನು ನಡೆಸಿಕೊಂಡು ಬಂದು, ಯಾರು ಎಲ್ಲಿ ಖಾಲಿ ಇದ್ದಾರೆಂದು ನೋಡಿ ಅವರ ಕೈಗೆ ಮುಟ್ಟಿಸುವುದು ಅವನ ಕೆಲಸ.

ಇಲ್ಲಿ ಒಂದು ಮಾತು ಹೇಳಬೇಕು. ಬುಟ್ಟಿಗೆ ಬಿದ್ದದ್ದು ಬಿದ್ದದ್ದೇ, ಅದನ್ನು ಊರೆಲ್ಲ ನೋಡುತ್ತದೆ. ಆದರೆ ‘ನೆರವು’ ಎಂಬುದೊಂದಿದೆ, ಹಾಕಿದವನಿಗೆ ಚೆಂಡು ಕೊಟ್ಟವನ ಹೆಸರಿಗೆ ಬರೆಯುವ ಗೆರೆ. ಚೆಂಡು ಕೈಗೆ ಬಂದದ್ದೇ ತಡ ಅವನು ಎಸೆದರೆ ತಕರಾರಿಲ್ಲ, ಅದು ನೆರವು. ಒಂದು ಸಲ ನೆಲಕ್ಕೆ ಪುಟಿಸಿ ಎಸೆದರೆ? ಎರಡು ಸಲ ಪುಟಿಸಿದರೆ? ನಡುವೆ ಒಬ್ಬನನ್ನು ತಪ್ಪಿಸಿ ಹೋದರೆ? ಆಗ ಅದು ನೆರವೋ, ಅವನ ಸ್ವಂತ ದುಡಿಮೆಯೋ? ನಿಯಮದ ಪುಸ್ತಕ ಅಲ್ಲಿ ಗೊಣಗಿ ಸುಮ್ಮನಾಗುತ್ತದೆ. ಪೆನ್ನು ಹಿಡಿದವರ ಮನಸ್ಸೇ ಕೊನೆಯ ಮಾತು.

ಮೀರೋ ದೊಡ್ಡ ತಂಡಕ್ಕೆ ಆಡಿದ ಮೊದಲ ಪಂದ್ಯದಲ್ಲಿ ಅಂಥದ್ದೇ ಒಂದು ಚೆಂಡು ಕೊಟ್ಟ. ಹಿಡಿದವನು ಒಂದು ಸಲ ಪುಟಿಸಿ ಬುಟ್ಟಿಗೆ ಹಾಕಿದ. ಪ್ರೋವಿ ತಮ್ಮನ ಹೆಸರಿನ ಮುಂದೆ ಗೆರೆ ಎಳೆದಳು. ಧ್ವನಿವರ್ಧಕದಲ್ಲಿ ಅವನ ಹೆಸರು ಕೇಳಿಬಂತು. ಆಗ ಮೇಲಿನ ಸಾಲಿನಿಂದ ಬೇಕರಿಯವನು ಕೂಗಿದ: “ಅಯ್ಯೋ! ಅಕ್ಕನ ಪೆನ್ನಿಗೆ ತಮ್ಮನ ಮೇಲೆ ಪ್ರೀತಿ ಜಾಸ್ತಿ ಕಣ್ರಪ್ಪೋ!”

ಅಂಗಳಕ್ಕೆ ಅಂಗಳವೇ ನಕ್ಕಿತು. ಕೆಟ್ಟ ನಗೆಯಲ್ಲ, ನಮ್ಮೂರಿನ ನಗೆ. ನಾನೂ ನಕ್ಕೆ. ಪ್ರೋವಿಯ ಕಿವಿ ಮಾತ್ರ ಕೆಂಪಾಯಿತು. ಅವಳು ಚೀಲದಿಂದ ರಬ್ಬರ್ ತೆಗೆದು ಆ ಗೆರೆಯನ್ನು ಅಳಿಸಿದಳು. ಅಂದು ಅವಳು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಳು. ಮಾರನೆಯ ಪಂದ್ಯದಿಂದ ಪೆನ್ನು ತಂದಳು. ಅವಳ ಹಾಳೆಯಲ್ಲಿ ಮತ್ತೆ ಏನೂ ಅಳಿಸಬೇಕಾಗಿ ಬರಲಿಲ್ಲ.

ಹೀಗೆ ಒಂಬತ್ತು ವರ್ಷ ಕಳೆಯಿತು.

ಎಂಬತ್ತಮೂರನೆಯ ಇಸವಿಯ ಸೀಸನ್ ಅರ್ಧ ಮುಗಿದಿತ್ತು. ಹದಿನಾಲ್ಕು ಪಂದ್ಯ, ಏಳು ಗೆಲುವು, ಏಳು ಸೋಲು. ಒಂದು ಮಧ್ಯಾಹ್ನ ಕೋಚ್ ಗಾಮಾಲಿಯೆಲ್ ಫ್ಯಾಕ್ಟರಿಯ ಗೇಟಿನ ಮುಂದೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ಒಳ್ಳೆಯ ಮನುಷ್ಯ, ತಂಡ ಸೋತ ರಾತ್ರಿ ಊಟ ಬಿಡುವವನು. ಅವಳ ಜೊತೆ ನಡೆಯುತ್ತ ಚರ್ಚಿನವರೆಗೂ ಹವೆಯ ಬಗ್ಗೆಯೇ ಮಾತಾಡಿದನಂತೆ. ಆಮೇಲೆ ಜೇಬಿನಿಂದ ಅವಳದೇ ಹಾಳೆಗಳನ್ನು ತೆಗೆದ.

“ದೋನ್ಯಾ ಪ್ರೋವಿ, ಇದನ್ನ ನೀವೇ ಬರ್ದಿರೋದು.”

“ನನ್ನ ಅಕ್ಷರ ನನಗೆ ಗೊತ್ತಾಗಲ್ವಾ?”

“ಮೀರೋ ಹದಿನಾಲ್ಕು ಪಂದ್ಯದಲ್ಲಿ ಇಪ್ಪತ್ತೆಂಟು ನೆರವು. ಅಂದ್ರೆ ಪಂದ್ಯಕ್ಕೆ ಎರಡು. ಚೆಂಡು ನಡ್ಸೋನು ಎರಡೇ ಕೊಟ್ರೆ ಹೇಗೆ ಹೇಳಿ? ಕರಾವಳಿಯ ಪುಂತಾ ಬ್ರೀಸಾದವರ ಹತ್ರ ನಸಾರಿಯೋ ಅಂತ ಒಬ್ಬ ಇದಾನೆ. ಐದು ಕೊಡ್ತಾನೆ. ಅವರು ಅದಲುಬದಲಿಗೆ ಒಪ್ಪಿದಾರೆ.”

ಪ್ರೋವಿ ಹಾಳೆಯನ್ನು ತೆಗೆದುಕೊಂಡು, ಕೈಗವಸನ್ನು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅವನು ನನ್ನ ತಮ್ಮ ಅಂತ ನನ್ನನ್ನ ಕೇಳೋಕೆ ಬಂದ್ರಾ?”

“ನೀವು ಬೇಡ ಅಂದ್ರೆ ನಾನು ಮಾಡಲ್ಲ.”

“ಹಾಳೇಲಿ ಏನಿದ್ಯೋ ಅದನ್ನ ಮಾಡಿ,” ಅಂದಳು. ಅಂದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ನಡುಹಗಲಿನ ರೇಡಿಯೋದಲ್ಲಿ ಸುದ್ದಿ ಬಂತು. ಊರು ಎರಡು ದಿನ ಕೊತಕೊತ ಕುದಿಯಿತು. ಬೇಕರಿಯವನೇ ಎಲ್ಲರಿಗಿಂತ ಜೋರಾಗಿ ಅತ್ತ. ಮೀರೋ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಾಡಿಗೆ ಕಾರಿನ ನಿಲ್ದಾಣಕ್ಕೆ ಬಂದಾಗ ನಾನೂ ಇದ್ದೆ. ಅಕ್ಕ ಬಾಳೆಲೆಯಲ್ಲಿ ಸುತ್ತಿದ ಬುತ್ತಿ ಕೊಟ್ಟಳು.

“ಅರವತ್ತು ಕಿಲೋಮೀಟರ್ ಅಕ್ಕಾ, ಸತ್ತೋಗ್ತಿಲ್ಲ ನಾನು,” ಅಂದ.

“ಮೀನು ಜಾಸ್ತಿ ತಿನ್ಬೇಡ, ನಿನಗೆ ಆಗಲ್ಲ.”

“ಮೀನುಗಾರರ ತಂಡ ಅದು. ಇನ್ನೇನು ಕೊಡ್ತಾರೆ?”

ಕಾರು ತಿರುವು ದಾಟುವವರೆಗೂ ಅವನು ಹಿಂದಿನ ಗಾಜಿನಲ್ಲಿ ಕೈ ಆಡಿಸುತ್ತಿದ್ದ. ಕಾರು ಮರೆಯಾದ ಮೇಲೂ ಅವಳು ಅದೇ ಕಡೆ ನೋಡುತ್ತ ನಿಂತಳು. ಮೋಡ ಇಳಿದು ರಸ್ತೆಯೇ ಕಾಣದಂತಾದ ಮೇಲೆ ನಾನು ಅವಳ ತೋಳು ಹಿಡಿದು ಕರೆದುಕೊಂಡು ಬಂದೆ.

ನಸಾರಿಯೋ ಬಂದ. ಉದ್ದನೆಯ, ಕಡಿಮೆ ಮಾತಿನ ಹುಡುಗ. ಊಟಕ್ಕೆ ಕರೆದವರ ಮನೆಯಲ್ಲಿ ತಟ್ಟೆ ತಾನೇ ತೊಳೆದಿಡುತ್ತಿದ್ದ. ಮೊದಲ ಪಂದ್ಯದಲ್ಲೇ ಅವನಿಗೆ ಆರು ನೆರವು, ಎರಡನೆಯದರಲ್ಲಿ ಏಳು. ಪಂದ್ಯಕ್ಕೆ ತಂಡದ ಒಟ್ಟು ನೆರವು ಹನ್ನೊಂದರಿಂದ ಹದಿನಾರಕ್ಕೆ ಏರಿತು. ಅತ್ತ ಪುಂತಾ ಬ್ರೀಸಾದಿಂದ ಬಂದ ಸುದ್ದಿ ಇನ್ನೂ ವಿಚಿತ್ರ: ನಮ್ಮ ಎರಡರ ಮೀರೋ ಅಲ್ಲಿ ಆರು, ಏಳು, ಒಮ್ಮೆ ಒಂಬತ್ತು. ರಾಜಧಾನಿಯ ಪತ್ರಿಕೆಯೊಂದು ಇಬ್ಬರ ಫೋಟೋ ಹಾಕಿ, ಎರಡೂ ಕಡೆ ಲಾಭವಾದ ಇಂಥ ಅದಲುಬದಲನ್ನು ತಾನು ಕಂಡೇ ಇಲ್ಲ ಎಂದು ಬರೆಯಿತು. ಕೋಚ್ ಗಾಮಾಲಿಯೆಲ್ ಬೀದಿಯಲ್ಲಿ ಹೋದರೆ ಜನ ಎದ್ದು ನಿಂತು ಕಾಫಿ ಕೊಡಿಸತೊಡಗಿದರು.

“ನೀರು ಬದಲಾದ್ರೆ ಮೈ ಬದಲಾಗುತ್ತೆ,” ಎಂದ ಬೇಕರಿಯವನು. ಎಲ್ಲರೂ ಹೌದಪ್ಪ ಎಂದರು.

ಆ ದಿನಗಳಲ್ಲಿ ಪ್ರೋವಿಯ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಕೆಟ್ಟಿತು ಎಂದರೆ ಬರಲಿಲ್ಲ ಅಂತಲ್ಲ, ವಿಪರೀತ ಬರತೊಡಗಿತು. ಫ್ಯಾಕ್ಟರಿಯಿಂದ ಬಂದು ಫ್ಯಾನಿನ ಕೆಳಗೆ ಒರಗಿದರೆ ಸಾಕು, ಹಳೆಯ ಪಂದ್ಯಗಳು ಒಂದೊಂದಾಗಿ ಬಂದು ಅವಳ ಕಣ್ಣೊಳಗೆ ಆಡುತ್ತಿದ್ದವಂತೆ. ಎಲ್ಲ ನೀರಿನೊಳಗೆ ನಡೆದ ಹಾಗೆ, ನಿಧಾನ. ಸದ್ದಿಲ್ಲ. ಮೀರೋ ಮೋಡದೊಳಗಿಂದ ಬರುತ್ತಾನೆ, ಚೆಂಡು ಅವನ ಕೈ ಬಿಡುತ್ತದೆ, ಗಾಳಿಯಲ್ಲಿ ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ಅದು ಯಾರ ಕೈಗೂ ಮುಟ್ಟುವುದಿಲ್ಲ. ಆ ತುದಿಯಲ್ಲಿ ಐದಾರು ಜನ ಕೈ ಚಾಚಿ ನಿಂತಿರುತ್ತಾರೆ. ಅವರ ಕೈಗಳಿಗೆಲ್ಲ ಕೈಗವಸು.

“ಎಪ್ಪತ್ತೊಂಬತ್ತರಲ್ಲಿ ಉತುವಾಡೋ ಊರಿನವರ ಜೊತೆ ಆಡಿದ ಪಂದ್ಯ ನೆನಪಿದ್ಯಾ ನಿಂಗೆ?” ಎಂದು ಒಂದು ದಿನ ನನ್ನ ಅಂಗಡಿಗೇ ಬಂದು ಕೇಳಿದಳು. ಕೂದಲು ಬಾಚಿರಲಿಲ್ಲ, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. “ಮೀರೋ ಬೆನ್ನ ಹಿಂದಿಂದ ಕೊಟ್ನಲ್ಲ, ಆ ಕುಳ್ಳ ಒಂದೇ ಒಂದು ಸಲ ಪುಟಿಸಿ ಹಾಕ್ದ. ನಾನು ಬರೀಲಿಲ್ಲ. ಅಲ್ವಾ?”

ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದೆ, ಕೈಯಲ್ಲಿ ಸ್ಪ್ರಿಂಗು. “ನಾಲ್ಕು ವರ್ಷ ಆಯ್ತು ಪ್ರೋವಿ.”

“ನೀನು ಪಕ್ಕದಲ್ಲೇ ಇದ್ಯಲ್ಲ. ಬರೀಲಿಲ್ಲ ತಾನೇ?”

ನನಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಗೊತ್ತಿತ್ತು. ಗಡಿಯಾರದವನು ಗಡಿಯಾರ ನೋಡಬೇಕು, ಪಕ್ಕದವರ ಹಾಳೆ ನೋಡಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಭೂತಗನ್ನಡಿ ತೆಗೆದಿಟ್ಟೆ.

“ಇಲ್ಲ, ಬರೀಲಿಲ್ಲ.”

“ನಿನ್ನೆ ನಸಾರಿಯೋ ಕೊಟ್ಟಿದ್ದಕ್ಕೆ ಅವನು ಎರಡು ಸಲ ಪುಟಿಸ್ದ. ಬರ್ದೆ.”

“ಹೂಂ. ನೋಡ್ದೆ.”

ಅವಳು ಸ್ಟೂಲಿನ ಮೇಲೆ ಕೂತಳು. ಅಂಗಡಿಯ ತುಂಬ ಗಡಿಯಾರಗಳು ಒಂದೊಂದು ಸಮಯ ತೋರಿಸುತ್ತ ಟಿಕ್‌ಟಿಕ್ ಎನ್ನುತ್ತಿದ್ದವು. “ಭಾನುವಾರ ನಮಗೆ ಪಂದ್ಯ ಇಲ್ಲ,” ಅಂದಳು. “ಪುಂತಾ ಬ್ರೀಸಾಗೆ ಬರ್ತೀಯಾ?”

ಬೆಟ್ಟ ಇಳಿದು ಕರಾವಳಿ ಮುಟ್ಟಲು ಬಾಡಿಗೆ ಕಾರಿಗೆ ಎರಡು ಗಂಟೆ ಹಿಡಿಯುತ್ತದೆ. ಪುಂತಾ ಬ್ರೀಸಾದ ಅಂಗಳ ಸಮುದ್ರಕ್ಕೆ ಬೆನ್ನು ಹಾಕಿಕೊಂಡು ಕೂತಿದೆ. ಅಲೆಯ ಬೆಳಕು ಕಂಬಗಳ ನಡುವೆ ತೂರಿ ಬಂದು ನೆಲದ ಮೇಲೆ, ಆಟಗಾರರ ಕಾಲಿನ ಮೇಲೆ, ಸೂರಿನ ಒಳಮೈಯ ಮೇಲೆ ತೇಲಾಡುತ್ತಿತ್ತು. ನಾವು ಮೇಲಿನ ಸಾಲಿನಲ್ಲಿ ಕೂತೆವು. ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ತಮ್ಮನಿಗೆ ಗುರುತು ಸಿಗದ ಹಾಗೆ ಕಪ್ಪು ಕನ್ನಡಕ ಹಾಕಿದ್ದಳು. ತೊಡೆಯ ಮೇಲೆ ಸಣ್ಣ ನೋಟುಪುಸ್ತಕ. ಅದರಲ್ಲಿ ಪಕ್ಕಪಕ್ಕ ಎರಡು ಪಟ್ಟಿ ಮಾಡಿದಳು. ಒಂದರ ಮೇಲೆ ‘ಯಾರೋ’ ಎಂದು ಬರೆದಳು, ಇನ್ನೊಂದರ ಮೇಲೆ ‘ಮೀರೋ’ ಎಂದು.

“ಅವನು ಯಾರೋ ಅಂದ್ಕೊಂಡು ನೋಡಿದ್ರೆ ಎಷ್ಟು ಬರುತ್ತೆ, ನನ್ನ ತಮ್ಮ ಅಂದ್ಕೊಂಡು ನೋಡಿದ್ರೆ ಎಷ್ಟು ಬರುತ್ತೆ, ಅಷ್ಟೇ,” ಎಂದಳು.

ಆ ಮಧ್ಯಾಹ್ನ ನನಗೆ ಈಗಲೂ ನಿದ್ದೆಯಲ್ಲಿ ಕಂಡ ಹಾಗೇ ನೆನಪಿದೆ. ಗಾಳಿಯಲ್ಲಿ ಉಪ್ಪು, ಕೆಳಗಿನ ಬಾಣಲೆಗಳಿಂದ ಕರಿದ ಮೀನಿನ ವಾಸನೆ, ಎಲ್ಲೋ ಮಗುವಿಗೆ ತಾಯಿಯೊಬ್ಬಳು ಗುನುಗುತ್ತಿರುವುದು. ಮೀರೋ ಬೇರೆ ಬಣ್ಣದ ಅಂಗಿಯಲ್ಲಿ ಬೇರೆಯವನಾಗಿ ಕಾಣುತ್ತಿದ್ದ. ಭುಜ ಸಡಿಲವಾಗಿತ್ತು. ಚೆಂಡು ಅವನ ಕೈಗೆ ಬಂದರೆ ನಿಲ್ಲುತ್ತಲೇ ಇರಲಿಲ್ಲ, ಬಾಗಿಲಿನಿಂದ ಬಂದ ಗಾಳಿ ಕಿಟಕಿಯಿಂದ ಹೋದ ಹಾಗೆ. ಪ್ರೋವಿಯ ಪೆನ್ನು ಎಡಗಡೆ ಗೆರೆ ಎಳೆಯುತ್ತಿತ್ತು, ಬಲಗಡೆ ಸುಮ್ಮನಿರುತ್ತಿತ್ತು.

ಮುಗಿದಾಗ ‘ಯಾರೋ’ ಎಂಬವನಿಗೆ ಏಳು. ‘ಮೀರೋ’ಗೆ ಎರಡು. ಧ್ವನಿವರ್ಧಕ ಹೇಳಿದ್ದು ಎಂಟು.

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. “ಅಲ್ಲಿಗೆ ಬೇರೆ ನೀರು ಅಲ್ಲ ಕಣೋ. ಬೇರೆ ಪೆನ್ನು.”

ಮೀರೋ ಸ್ನಾನ ಮಾಡಿ ಬಂದಾಗ ನಮ್ಮನ್ನು ಕಂಡು ಕೂಗಿಕೊಂಡು ಓಡಿ ಬಂದ, ಅಕ್ಕನನ್ನು ನೆಲದಿಂದ ಎತ್ತಿಬಿಟ್ಟ. ಸಮುದ್ರದ ಕಟ್ಟೆಯ ಮೇಲೆ ಮೂವರೂ ಕಾಲು ಇಳಿಬಿಟ್ಟು ಕೂತು ಉಪ್ಪುಮೀನಿನ ಬಜ್ಜಿ ತಿಂದೆವು. ಅವಳು ನೋಟುಪುಸ್ತಕ ತೆಗೆದು ಅವನ ಕೈಗಿಟ್ಟಳು. ಏನು ಎತ್ತ ಎಂದು ಹೇಳಿದಳು. ಅವನು ನಗತೊಡಗಿದ.

“ಅಕ್ಕಾ, ಇದು ಹೊಸ ಸುದ್ದಿ ಏನಲ್ಲ ನಂಗೆ. ಅನ್ನ ಬಡಿಸೋವಾಗ್ಲೂ ಅಷ್ಟೇ. ತಳದಲ್ಲಿ ಗರಿಗರಿ ಆಗಿರೋ ರುಚಿ ಅನ್ನ ಎಲ್ಲ ನೆಂಟರ ತಟ್ಟೆಗೆ, ನಂಗೆ ಮೇಲಿಂದು.”

“ತಮಾಷೆ ಮಾಡ್ಬೇಡ ಕಣೋ.”

“ನೋಡು, ಚೆಂಡು ಕೊಟ್ಟ ತಕ್ಷಣ ನಾನು ಮೇಜಿನ ಕಡೆ ನೋಡ್ತಿದ್ದೆ. ಪೆನ್ನು ಅಲ್ಲಾಡ್ತಿತ್ತಾ ಇಲ್ವಾ ಅಂತ. ಅಲ್ಲಾಡ್ತಿರ್ಲಿಲ್ಲ. ಆಮೇಲಾಮೇಲೆ ಅನ್ಸೋದು, ಯಾಕೆ ಕೊಡ್ಬೇಕು, ನಾನೇ ಎಸೀತೀನಿ ಅಂತ. ಬುಟ್ಟಿಗೆ ಬಿದ್ದಿದ್ದನ್ನ ಮಾತ್ರ ನೀನೂ ಇಲ್ಲ ಅನ್ನೋ ಹಾಗಿರ್ಲಿಲ್ವಲ್ಲ.” ಅವನು ನಗುತ್ತಲೇ ಹೇಳುತ್ತಿದ್ದ. ಇದ್ದಕ್ಕಿದ್ದಂತೆ ನಗು ನಿಂತಿತು. “ಒಂಬತ್ತು ವರ್ಷ ಅಕ್ಕಾ.”

ಅವಳು ಏನು ಹೇಳುತ್ತಾಳೋ ಎಂದು ನಾನು ಕಾದೆ. ಜನ ಏನಂದುಕೊಳ್ಳುತ್ತಾರೋ ಎಂದು ಹಾಗೆ ಮಾಡಿದೆ ಎನ್ನಬಹುದಿತ್ತು. ನಿನ್ನ ಒಳ್ಳೆಯದಕ್ಕೆ ಎನ್ನಬಹುದಿತ್ತು.

“ಹೌದು,” ಎಂದಳು. “ತಪ್ಪು ಮಾಡ್ದೆ.”

ಅವನು ಸಮುದ್ರ ನೋಡುತ್ತಿದ್ದ. ಆಮೇಲೆ ತನ್ನ ಕೈಯ ಬಜ್ಜಿ ಮುರಿದು ಅರ್ಧ ಅವಳ ಕಾಗದದ ಮೇಲಿಟ್ಟ.

“ನಂಗಿಲ್ಲಿ ಚೆನ್ನಾಗಿದೆ,” ಎಂದ. “ಯಾರೂ ನೋಡದೇ ಇದ್ರೂ ಕೊಡ್ಬೋದು ಅನ್ಸುತ್ತೆ ಇಲ್ಲಿ. ವಾಪಸ್ ಕರೀಬೇಡ.”

“ಕರೆಯಲ್ಲ.”

ಸೋಮವಾರ ಅವಳು ಕೋಚ್ ಗಾಮಾಲಿಯೆಲ್‌ನ ಮನೆಗೆ ಹೋದಳು. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಅವನು ಜಗಲಿಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು, ಹಾಳೆಗಳನ್ನು ಎದುರಿಗೆ ಹರಡಿದಳು. ಮೀರೋನ ಎರಡಕ್ಕೆ ಕನಿಷ್ಠ ಮೂರು ಸೇರಬೇಕು, ನಸಾರಿಯೋನ ಆರರಲ್ಲಿ ಒಂದು ಕಳೆಯಬೇಕು, ಹೊಸಬ ಎಂದು ಅವನಿಗೆ ಧಾರಾಳ ಮಾಡಿದ್ದೇನೆ, ನೀವು ಬದಲಾಯಿಸಿದ್ದು ಒಬ್ಬ ಐದರವನನ್ನು ಇನ್ನೊಬ್ಬ ಐದರವನಿಗೆ, ಎಂದಳು.

ಗಾಮಾಲಿಯೆಲ್ ಕಪ್ಪನ್ನು ಕೆಳಗಿಟ್ಟ. ಬೀದಿಯ ಕಡೆ ನೋಡಿದ. ಧ್ವನಿ ತಗ್ಗಿಸಿ ಹೇಳಿದ:

“ದೋನ್ಯಾ ಪ್ರೋವಿ, ದಯವಿಟ್ಟು ಇದನ್ನ ಯಾರಿಗೂ ಹೇಳ್ಬೇಡಿ. ಇಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ ಜನ ನನ್ನನ್ನ ಜಾಣ ಅಂತಿದಾರೆ.”

“ಆದ್ರೆ ಲೆಕ್ಕ ತಪ್ಪು.”

“ಗೆಲ್ತಿದೀವಲ್ಲ!”

“ಎಷ್ಟು ಗೆದ್ವಿ? ಎಂಟರಲ್ಲಿ ನಾಲ್ಕು. ಮೀರೋ ಇದ್ದಾಗ್ಲೂ ಅರ್ಧಕ್ಕರ್ಧ ಗೆಲ್ತಿದ್ವಿ. ಅದೇ ಲೆಕ್ಕ.”

ಕೋಚ್ ಬೆರಳು ಮಡಿಸಿ ಎಣಿಸಿ ನೋಡಿದ. ಮುಖ ಸಪ್ಪಗಾಯಿತು. “ಹೌದಲ್ಲ,” ಎಂದ. “ಜಾಸ್ತಿ ಗೆದ್ದ ಹಾಗೆ ಅನ್ನಿಸ್ತಿತ್ತು ನಂಗೆ.”

“ಪುಂತಾ ಬ್ರೀಸಾದ ಮೀನುಗಾರರು ನಮ್ಮಲ್ಲಿಗೆ ಬರೋ ದಿನ ಬೇರೆ ಯಾರನ್ನಾದ್ರೂ ಕೂರಿಸಿ. ನನ್ನ ಪೆನ್ನು ನಂಬೋ ಹಾಗಿಲ್ಲ.”

“ಊರಲ್ಲಿ ನಿಮ್ಮದೊಂದನ್ನೇ ನಂಬೋದು. ನೀವೇ ಕೂರಬೇಕು,” ಎಂದ ಅವನು. ಎಷ್ಟು ಹೇಳಿದರೂ ಜಗ್ಗಲಿಲ್ಲ.

ಮೀನುಗಾರರು ಬಂದದ್ದು ಸೀಸನ್ನಿನ ಕೊನೆಯ ಭಾನುವಾರಕ್ಕೆ ಹಿಂದಿನ ಭಾನುವಾರ. ಊರೆಲ್ಲ ಅಂಗಳದಲ್ಲಿತ್ತು. ಮೀರೋ ಒಳಬಂದಾಗ ಮೊದಲು ಚಪ್ಪಾಳೆ, ಆಮೇಲೆ ಬಾಯಿಮಾಡುವುದು, ಆಮೇಲೆ ಮತ್ತೆ ಚಪ್ಪಾಳೆ. ನಮ್ಮ ಜನಕ್ಕೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಪ್ರೋವಿ ಹಾಳೆ ಬಿಡಿಸಿದಳು. ಆಟಗಾರರ ಹೆಸರಿರುವ ಎಡಗಡೆಯ ಪಟ್ಟಿಯನ್ನು ಹೊರಗೆ ಮಡಿಸಿ ಒತ್ತಿದಳು, ಬರಿಯ ಅಂಗಿಯ ಸಂಖ್ಯೆಗಳಷ್ಟೇ ಉಳಿದವು. ಹದಿಮೂರು, ಏಳು, ಇಪ್ಪತ್ತೆರಡು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಮೂರನೆಯ ಭಾಗದ ಹೊತ್ತಿಗೆ ಮೋಡ ಬಂತು. ಆ ದಿನದ ಮೋಡ ದಪ್ಪವಾಗಿತ್ತು, ಅರ್ಧ ಅಂಗಳ ಬಿಳಿ. ಅದರೊಳಗಿಂದ ಚೆಂಡು ಬರುತ್ತಿತ್ತು, ಆಮೇಲೆ ಅದನ್ನು ಕೊಟ್ಟವನು ಬರುತ್ತಿದ್ದ. ಏಳರ ಅಂಗಿಯವನು ಕೊಟ್ಟ, ಹಿಡಿದವನು ಒಂದು ಸಲ ಪುಟಿಸಿದ, ಹಾಕಿದ. ಪ್ರೋವಿಯ ಪೆನ್ನು ಹಾಳೆಯ ಮೇಲೆ ತೇಲಿ ನಿಂತಿತು. ನನ್ನ ಗಡಿಯಾರದಲ್ಲಿ ಎರಡು ಸೆಕೆಂಡು. ನನಗೆ ಒಂದು ಮಧ್ಯಾಹ್ನ ಎನ್ನಿಸಿತು. ಆಮೇಲೆ ಇಳಿದು ಗೆರೆ ಎಳೆಯಿತು. ಅದು ಮೀರೋನ ಆರನೆಯದು. ಧ್ವನಿವರ್ಧಕ ಅವನ ಹೆಸರು ಹೇಳಿದ್ದೇ ತಡ, ಮೇಲಿನ ಸಾಲಿನಿಂದ ಬೇಕರಿಯವನ ಗಂಟಲು:

“ನೋಡ್ರಪ್ಪೋ! ಶತ್ರು ತಂಡಕ್ಕೆ ಹೋದ ಮೇಲೆ ರಕ್ತ ಎಳೀತಿದೆ! ಅಕ್ಕನಿಗೆ ಈಗ ತಮ್ಮನ ಮೇಲೆ ಪ್ರೀತಿ ಬಂತು!”

ಊರು ನಕ್ಕಿತು. ಕೆಲವರು ಸಿಳ್ಳೆ ಹಾಕಿದರು. ಒಂಬತ್ತು ವರ್ಷ ಯಾವ ಮಾತಿಗೆ ಹೆದರಿ ಕೂತಿದ್ದಳೋ ಅದೇ ಮಾತು, ಅದೇ ಬಾಯಿ. ನಾನು ಅವಳ ಕಿವಿ ನೋಡಿದೆ. ಕೆಂಪಾಗಲಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಎದ್ದು ನಿಂತಳು. ಹದಿನಾಲ್ಕು ವರ್ಷದಲ್ಲಿ ಅವಳು ಪಂದ್ಯದ ನಡುವೆ ಎದ್ದು ನಿಂತದ್ದನ್ನು ಯಾರೂ ಕಂಡಿರಲಿಲ್ಲ.

“ಹೌದು ಕಣಯ್ಯಾ, ಜಾಸ್ತಿನೇ!” ಎಂದು ಮೇಲಿನ ಸಾಲಿಗೆ ಕೇಳಿಸುವಂತೆ ಕೂಗಿದಳು. “ಏನೀಗ? ನೀನು ನಿನ್ನ ತಮ್ಮನಿಗೆ ಬ್ರೆಡ್ಡು ತೂಗಿ ಕೊಡ್ತೀಯಾ?”

ಈ ಸಲ ನಗೆ ಬೇಕರಿಯವನ ಮೇಲೆ ಬಿತ್ತು. ಅವನೂ ನಕ್ಕ. ಪ್ರೋವಿ ಕೂತಳು, ಮುಚ್ಚಳ ತೆಗೆದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಅಂಗಳದ ನಡುವೆ ಮೀರೋ ಸೊಂಟಕ್ಕೆ ಕೈಯಿಟ್ಟು, ಮೋಡದಲ್ಲಿ ಮೊಣಕಾಲು ಮುಳುಗಿಸಿ ನಿಂತು ನಮ್ಮ ಮೇಜಿನ ಕಡೆಯೇ ನೋಡುತ್ತಿದ್ದ. ರೆಫರಿ ಎರಡು ಸಲ ಸೀಟಿ ಊದಿದ ಮೇಲೆ ಅಲುಗಾಡಿದ.

ಆ ಪಂದ್ಯದಲ್ಲಿ ಮೀರೋಗೆ ಎಂಟು ನೆರವು, ನಸಾರಿಯೋಗೆ ಐದು. ನಾವು ಮೂರು ಪಾಯಿಂಟಿನಿಂದ ಸೋತೆವು. ಸೀಸನ್ ಮುಗಿದಾಗ ಲೆಕ್ಕ ಹಾಕಿದರೆ ಅದಲುಬದಲಿಗೆ ಮುಂಚೆ ಏಳು ಗೆಲುವು, ಆಮೇಲೆ ಎಂಟು. ಆ ಹೆಚ್ಚಿನ ಒಂದೂ ಎದುರಾಳಿಗಳ ಬಸ್ಸು ಬೆಟ್ಟದ ತಿರುವಿನಲ್ಲಿ ಕೆಟ್ಟು, ಅವರು ಆರೇ ಜನರಲ್ಲಿ ಆಡಿದ ದಿನದ್ದು. ಇದನ್ನು ಪ್ರೋವಿ ಕೋಚಿಗೆ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ಜನ ಇನ್ನೂ ಕೆಲವು ವರ್ಷ ಅವನಿಗೆ ಕಾಫಿ ಕೊಡಿಸಿದರು. ನಸಾರಿಯೋ ನಮ್ಮೂರಿನವನೇ ಆದ, ಅಂಚೆಯವನ ಮಗಳನ್ನು ಮದುವೆಯಾದ. ಮೀರೋ ಕರಾವಳಿಯಲ್ಲೇ ಐದು ವರ್ಷ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ಅಲ್ಲೇ ದೋಣಿಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಸೇರಿದ. ತಿಂಗಳಿಗೊಮ್ಮೆ ಅಕ್ಕನ ಮನೆಗೆ ಬರುತ್ತಿದ್ದ, ತಿಂಗಳಿಗೊಮ್ಮೆ ಅವಳು ಹೋಗುತ್ತಿದ್ದಳು.

ಮೇಜಿನ ಕೆಲಸವನ್ನು ಪ್ರೋವಿ ಆ ವರ್ಷವೇ ಬಿಟ್ಟಳು. ಶಾಲೆಯ ಲೆಕ್ಕದ ಮೇಷ್ಟ್ರೊಬ್ಬರು ಬಂದು ನನ್ನ ಪಕ್ಕ ಕೂತರು. ಒಳ್ಳೆಯವರೇ, ಆದರೆ ಗೆರೆ ಎಳೆಯುವಾಗ ಮೂಗಿನಲ್ಲಿ ಸದ್ದು ಮಾಡುತ್ತಿದ್ದರು.

ಮುಂದಿನ ಸೀಸನ್ನಿನ ಮೊದಲ ಭಾನುವಾರ ಪ್ರೋವಿ ಟಿಕೆಟ್ ಕೊಂಡು ಒಳಗೆ ಬಂದು, ಮೂರನೆಯ ಸಾಲಿನಲ್ಲಿ ಬರಿಗೈಯಲ್ಲಿ ಕೂತಳು. ಮೊದಲ ಹತ್ತು ನಿಮಿಷ ಅವಳ ಬಲಗೈಯ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಅಲ್ಲಾಡುತ್ತಿದ್ದವು. ಆಮೇಲೆ ನಿಂತವು. ನಾನು ಗಡಿಯಾರ ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಬಾಯಿ ಸ್ವಲ್ಪ ತೆರೆದು, ಚೆಂಡು ಹೋದ ಕಡೆ ಮುಖ ತಿರುಗಿಸುತ್ತ, ಮೊದಲ ಸಲ ಸಮುದ್ರ ಕಂಡವರ ಹಾಗಿದ್ದಳು. ಮೂರನೆಯ ಭಾಗದಲ್ಲಿ ರೆಫರಿ ಏನೋ ತಪ್ಪು ಹೇಳಿದ. ಮೂರನೆಯ ಸಾಲಿನಿಂದ ಅವನ ತಾಯಿಯ ಕಣ್ಣಿನ ಬಗ್ಗೆ, ಅಜ್ಜಿಯ ಕಣ್ಣಿನ ಬಗ್ಗೆ ಒಂದು ಮಾತು ತೂರಿ ಬಂತು. ಅದನ್ನು ನಾನಿಲ್ಲಿ ಬರೆಯುವಂತಿಲ್ಲ. ರೆಫರಿ ಬೆಚ್ಚಿ ಮೇಜಿನ ಹತ್ತಿರ ಬಂದ.

“ಯಾರ್ರೀ ಅದು?”

“ಗೊತ್ತಿಲ್ಲ ಸಾರ್,” ಅಂದೆ. “ಹೊಸಬರು ಇರ್ಬೇಕು.”

ಪಂದ್ಯ ಮುಗಿದು ಜನ ಕರಗಿದ ಮೇಲೆ ಅವಳು ನನಗಾಗಿ ಹೊರಗೆ ಕಾದಿದ್ದಳು. ಕೆನ್ನೆ ಕೆಂಪಾಗಿ, ಗಂಟಲು ಒಡೆದಿತ್ತು.

“ಎಷ್ಟರಲ್ಲಿ ಸೋತ್ವಿ ಲಿಸಾಂದ್ರೋ?”

“ಐದು.”

“ಚೆನ್ನಾಗಿತ್ತು,” ಎಂದು ಹೇಳಿ, ಗಾಡಿಯವನ ಹತ್ತಿರ ಹುಣಸೆ ಶರಬತ್ತು ಹಾಕಿದ ಎರಡು ಲೋಟ ಐಸ್ ತೆಗೆದುಕೊಂಡಳು. ಒಂದನ್ನು ನನ್ನ ಕೈಗಿಟ್ಟು ಇಳಿಜಾರಿನತ್ತ ನಡೆದಳು. ನಾನೂ ಜೊತೆಗೆ ನಡೆದೆ.